ಉತ್ತರ ಕೊಡದ ನಾಲ್ಕನೇ ಗಾಡಿ

ಹೇರ್ ಡ್ರೈಯರಿನ ಬಿಸಿಗಾಳಿಯನ್ನು ರೇಡಿಯೋ ಸೆಟ್ಟಿನ ಬೆನ್ನಿಗೆ ಹಿಡಿದು ಅವಳು ಮನಸ್ಸಿನಲ್ಲೇ ನೂರರವರೆಗೆ ಎಣಿಸುತ್ತಿದ್ದಳು. ಎಪ್ಪತ್ತೆರಡಕ್ಕೆ ಬಂದಾಗ ಎಡಗೈಯಿಂದ ಕೇಬಲ್ಲನ್ನೊಮ್ಮೆ ಅಲುಗಾಡಿಸಿದಳು. ಮೀಟರಿನ ಮುಳ್ಳು ಕದಲಲಿಲ್ಲ. ಮೈಕಿನ ಸುರುಳಿ ವೈರನ್ನು ಎಳೆದಳು, ತಿರುಚಿದಳು, ಬಿಟ್ಟಳು. ಸೆಟ್ಟು ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ ತಲೆ ತಗ್ಗಿಸಿಕೊಂಡು, ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತ ಕೂತಿತ್ತು.

ಬಿಸಿ ಮಾಡಿ ನೋಡುವ ಮೊದಲು ತಣ್ಣಗೆ ಮಾಡಿಯೂ ನೋಡಿದ್ದಾಗಿತ್ತು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಐಸ್ ಪ್ಯಾಕ್ ತಂದು ಅದರ ಮೇಲೆ ಅರ್ಧ ಗಂಟೆ ಮಲಗಿಸಿದ್ದಳು. ಫ್ಯೂಸು, ಆಂಟೆನಾ, ಬ್ಯಾಟರಿಯಿಂದ ಬರುವ ದಪ್ಪ ವೈರು, ಬೆಸುಗೆ ಹಾಕಿದ ಒಂದೊಂದು ಜಾಗ, ಯಾವುದನ್ನೂ ಬಿಟ್ಟಿರಲಿಲ್ಲ. ನಾಲ್ಕನೇ ನಂಬರಿನ ಆಂಬುಲೆನ್ಸಿನ ಈ ಸೆಟ್ಟು ಎರಡು ತಿಂಗಳಲ್ಲಿ ಮೂರನೇ ಸಲ ಅವಳ ಮೇಜಿಗೆ ಬಂದಿತ್ತು. ಹಿಂದಿನ ಎರಡು ಸಲವೂ ಅವಳು ಚೀಟಿಯಲ್ಲಿ ಬರೆದದ್ದು ಎರಡೇ ಪದ: ದೋಷ ಕಂಡಿಲ್ಲ.

ಆ ಡಿಪೋದಲ್ಲಿ ಹನ್ನೊಂದು ಆಂಬುಲೆನ್ಸುಗಳು, ಅವುಗಳ ರೇಡಿಯೋಗಳಿಗೆಲ್ಲ ಇವಳೊಬ್ಬಳೇ ವೈದ್ಯೆ. ಹತ್ತೊಂಬತ್ತು ವರ್ಷಗಳಿಂದ ಎಲ್ಲರ ಬಾಯಲ್ಲೂ ಅವಳು ‘ರೇಡಿಯೋ ಅಕ್ಕ’. ಅವಳಿಗಿಂತ ದೊಡ್ಡವರೂ ಹಾಗೆಯೇ ಕರೆಯುತ್ತಿದ್ದರು. ಹೇರ್ ಡ್ರೈಯರು ಮನೆಯದು. ಬೆಳಿಗ್ಗೆ ಅದನ್ನು ಚೀಲಕ್ಕೆ ತುರುಕುವಾಗ ಅತ್ತೆ ಬಾಗಿಲಲ್ಲಿ ನಿಂತು, “ನಿನ್ನ ತಲೆಗೆ ಇಲ್ಲದ ಉಪಚಾರ ಆ ಡಬ್ಬಕ್ಕೆ! ಮನೆ ಕರೆಗಂಟೆ ಕೆಟ್ಟು ಎರಡು ವರ್ಷ ಆಯ್ತು, ಬಂದವರು ಬಾಗಿಲು ಬಡಿದು ಬಡಿದು ಕೈ ಊದಿಸ್ಕೊಂಡು ಹೋಗ್ತಾರೆ. ದೀಪದ ಬುಡದಲ್ಲೇ ಕತ್ತಲೆ ಅನ್ನೋದು ಸುಮ್ನೆ ಅಲ್ಲ” ಅಂದಿದ್ದರು. “ನೀವು ಬೈಯೋ ದನಿ ಬೀದಿಗೆಲ್ಲ ಕೇಳುತ್ತೆ ಅತ್ತೆ, ಗಂಟೆ ಯಾಕೆ?” ಎಂದು ಇವಳು ಚಪ್ಪಲಿ ಮೆಟ್ಟಿದ್ದಳು. ಅತ್ತೆ ನಕ್ಕಿದ್ದರು. ಅವರಿಬ್ಬರದು ಅಂಥ ಸಂಸಾರ.

ತೊಂಬತ್ತು. ತೊಂಬತ್ತೊಂದು. ಬಾಗಿಲು ತಳ್ಳಿಕೊಂಡು ಕಂಟ್ರೋಲ್ ರೂಮಿನ ಗೆಳತಿ ಒಳಗೆ ಬಂದಳು. ಹನ್ನೊಂದು ಗಾಡಿಗಳನ್ನೂ ಕರೆದು, ಎಲ್ಲಿಗೆ ಹೋಗಬೇಕೆಂದು ಹೇಳುವ ದನಿ ಅವಳದು. ಕೈಯಲ್ಲಿ ಎರಡು ಲೋಟ ಚಹಾ ಇತ್ತು, ಮುಖದಲ್ಲಿ ನಿನ್ನೆಯ ದಣಿವು.

“ಸಿಕ್ತೇನೇ?”

“ಇಲ್ಲ. ಇಲ್ಲಿ ಬಂದ ಕೂಡ್ಲೇ ಸಾಧು ಆಗ್ಬಿಡುತ್ತೆ.”

“ಏಳು ಸಲ ಕರೆದೆ ಕಣೆ ನಿನ್ನೆ. ನಾಲ್ಕು, ನಾಲ್ಕು, ಉತ್ತರ ಕೊಡಿ ಅಂತ. ದೊಡ್ಡಪ್ಪ ಮೊಬೈಲೂ ಇಟ್ಕೊಳ್ಳಲ್ವಲ್ಲ. ಆ ಅಜ್ಜಿ ಬಚ್ಚಲಲ್ಲಿ ಬಿದ್ದಿದ್ದ ಮನೆಗೂ ಗಾಡಿಗೂ ಎರಡು ಬೀದಿ ಅಂತರ. ಎರಡೇ ಬೀದಿ! ಕೊನೆಗೆ ಊರಾಚೆಯಿಂದ ಏಳನೇ ಗಾಡಿ ಕಳಿಸ್ದೆ. ನಲವತ್ತು ನಿಮಿಷ ಆ ಮುದುಕಿ ಒದ್ದೆ ನೆಲದ ಮೇಲೆ.” ಅವಳು ಲೋಟವನ್ನು ಮೇಜಿನ ಮೇಲಿಟ್ಟಳು. “ಸೊಂಟದ ಮೂಳೆ ಮುರಿದಿದೆ. ಜೀವಕ್ಕೇನೂ ಇಲ್ವಂತೆ. ಆದ್ರೂ ಅವರ ಮಗಳು ಫೋನಲ್ಲಿ ಅಳ್ತಿದ್ದದ್ದು ಕಿವಿ ಬಿಟ್ಟು ಹೋಗ್ತಿಲ್ಲ.”

“ದೊಡ್ಡಪ್ಪ ಏನಂದ್ರು?”

“ಏನಂತಾರೆ? ನಂಗೇನೂ ಕೇಳಿಸ್ಲಿಲ್ಲಮ್ಮ ಅಂದ್ರು. ಪಾಪ. ವಯಸ್ಸಾಯ್ತಲ್ವಾ, ಕಿವಿ ಏನಾದ್ರೂ...” ಎಂದು ಮಾತು ನುಂಗಿದಳು.

ದೊಡ್ಡಪ್ಪ ಅಂದರೆ ನಾಲ್ಕನೇ ಗಾಡಿಯ ಚಾಲಕ. ರಕ್ತಸಂಬಂಧ ಯಾರಿಗೂ ಇರಲಿಲ್ಲ, ಆದರೆ ಡಿಪೋದಲ್ಲಿ ಅವರನ್ನು ಬೇರೆ ಹೆಸರಿನಿಂದ ಕರೆದವರಿಲ್ಲ. ಸ್ಪೀಡ್ ಬ್ರೇಕರ್ ಬಂದರೆ ಗಾಡಿಯನ್ನು ತೊಟ್ಟಿಲು ಇಳಿಸಿದ ಹಾಗೆ ಇಳಿಸುವವರು.

ಗೆಳತಿ ಹೋದ ಮೇಲೆ ಮೇಲ್ವಿಚಾರಕ ಬಂದ. ಕೆಟ್ಟವನಲ್ಲ. ಆದರೆ ಕಣ್ಣಿಗೆ ಬಿದ್ದ ಕಾಗದಕ್ಕೆಲ್ಲ ಮೊಹರು ಒತ್ತದೆ ಅನ್ನ ಸೇರದವನು, ಹಾಗಾಗಿ ಅವನ ಬೆನ್ನ ಹಿಂದೆ ಎಲ್ಲರೂ ‘ಮೊಹರು’ ಎನ್ನುತ್ತಿದ್ದರು.

“ಮೇಡಂ, ಸಾಯಂಕಾಲದೊಳಗೆ ಚೀಟಿ ಬೇಕು. ಮೂರನೇ ಸಲವೂ ದೋಷ ಕಂಡಿಲ್ಲ ಅಂದ್ರೆ ನಿಯಮ ನಿಮಗೆ ಗೊತ್ತಲ್ಲ. ಯಂತ್ರ ಸರಿ ಇದೆ ಅಂದ್ರೆ ತಪ್ಪು ಚಾಲಕಂದು. ನಾಳೆಯಿಂದ ಅವರನ್ನ ಗೇಟು ಕಾಯೋಕೆ ಹಾಕ್ತೀನಿ. ಕರೆಗೆ ಉತ್ತರಿಸಿಲ್ಲ ಅಂತ ದಾಖಲೆಗೂ ಹೋಗುತ್ತೆ.”

“ಮೂವತ್ತೊಂದು ವರ್ಷ ಓಡಿಸಿದ್ದಾರೆ ಸರ್. ಇನ್ನು ಒಂದೇ ವರ್ಷ ಇರೋದು.”

“ನಾನೇನು ಮಾಡ್ಲಿ ಮೇಡಂ? ದೋಷ ಇದ್ರೆ ತೋರಿಸಿ. ನಂಗೂ ಅದೇ ಬೇಕು.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಅವಳ ನಾಲಗೆಯ ತುದಿಗೆ ಬಂದಿತ್ತು. ಆದರೆ ಎತ್ತಿಗೆ ಜ್ವರ ಇದೆ ಎಂದು ತೋರಿಸಲು ಅವಳ ಬಳಿ ಏನೂ ಇರಲಿಲ್ಲ. ಅವಳು ಚಹಾ ಕುಡಿದಳು. ಅದು ಆರಿ ತಣ್ಣಗಾಗಿತ್ತು.

ಸೆಟ್ಟನ್ನು ನಿನ್ನೆ ರಾತ್ರಿಯೇ ಬಿಚ್ಚಿಕೊಟ್ಟಿದ್ದ ದೊಡ್ಡಪ್ಪ ಮಧ್ಯಾಹ್ನ ಹನ್ನೆರಡಕ್ಕೆ ಗಾಡಿ ತಂದರು. ಗಾಡಿಯನ್ನು ವರ್ಕ್‌ಶಾಪಿಗೆ ಬಿಡುವ ಮೊದಲು ಅದನ್ನು ಒಳಗೂ ಹೊರಗೂ ತೊಳೆದು ಒರೆಸಿ ತರುವುದು ಅವರ ರೂಢಿ. ನೆಂಟರ ಮನೆಗೆ ಹೋಗುವ ಮಗುವಿಗೆ ತಲೆ ಬಾಚಿದ ಹಾಗೆ. ಉಳಿದ ಚಾಲಕರ ಗಾಡಿಗಳಲ್ಲಿ ಸೀಟಿನಡಿ ಬಿಸ್ಕತ್ತಿನ ಕಾಗದ, ಮರಳು, ಒಂಟಿ ಕೈಗವಸು ಏನೇನೋ ಸಿಗುತ್ತಿದ್ದವು. ದೊಡ್ಡಪ್ಪನ ಗಾಡಿಯಲ್ಲಿ ಸೋಪಿನ ವಾಸನೆ ಮಾತ್ರ.

“ಏನ್ ತಾಯಿ, ನಿನ್ನ ರೋಗಿ ಹೇಗಿದ್ದಾನೆ?”

“ನನ್ನ ಮುಂದೆ ಚೆನ್ನಾಗೇ ಇರ್ತಾನೆ ದೊಡ್ಡಪ್ಪ. ನಿಮ್ಮ ಹತ್ರ ಮಾತ್ರ ಮುನಿಸು.”

ಅವರು ನಕ್ಕರು. ನಗು ಕಣ್ಣಿಗೆ ಮುಟ್ಟಲಿಲ್ಲ. ಮೇಜಿನ ಪಕ್ಕದ ಸ್ಟೂಲಿನಲ್ಲಿ ಕೂತು, ಅಂಗಿಯ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಅವಳ ಮುಂದೆ ಸರಿಸಿದರು. ಕಿವಿ ಪರೀಕ್ಷೆಯ ವರದಿ. ಇವತ್ತು ಬೆಳಿಗ್ಗೆಯದು.

“ಎಲ್ಲರೂ ಹಿಂದಿನಿಂದ ಮಾತಾಡ್ತಾರಲ್ಲ, ಹೋಗಿ ನೋಡ್ಸಿಕೊಂಡು ಬಂದೆ. ಸರಿ ಇದೆ ಅಂದ್ರು. ಸರಿ ಇಲ್ಲ ಅಂದಿದ್ರೆ ಎಷ್ಟೋ ಚೆನ್ನಾಗಿತ್ತು ತಾಯಿ. ಯಾಕೆ ಹೀಗಾಯ್ತು ಅಂತಾದ್ರೂ ಗೊತ್ತಾಗ್ತಿತ್ತು.” ಅವರು ಕಾಗದವನ್ನು ಮತ್ತೆ ಮಡಚಿದರು. “ಆ ಅಜ್ಜಿನ್ನೂ ನೋಡ್ಕೊಂಡು ಬಂದೆ, ವಾರ್ಡಿಗೆ ಹೋಗಿ. ನಾನು ಯಾರು ಅಂತ ಹೇಳ್ಲಿಲ್ಲ. ನೀರು ಬೇಕಾ ಅಂತ ಕೇಳ್ದೆ, ಬೇಡ ಅಂದ್ರು. ಆಸ್ಪತ್ರೆಗೆ ಒಬ್ಬರನ್ನ ಬಿಟ್ಟು, ಎರಡು ಬೀದಿ ಆಚೆ ನಾನು ಸುಮ್ನೆ ಗಾಡಿ ನಿಲ್ಲಿಸ್ಕೊಂಡು ಕೂತಿದ್ದೆ. ನನ್ನ ಕೈಯಲ್ಲಿ ಏನೋ ತಪ್ಪಾಗಿದೆ ಅನ್ಸುತ್ತೆ. ಏನು ಅಂತ ಮಾತ್ರ ಹೊಳೀತಿಲ್ಲ.”

ರೇಡಿಯೋ ಅಕ್ಕ ಎದ್ದಳು. ಸೆಟ್ಟನ್ನು ಎತ್ತಿಕೊಂಡಳು. “ಬನ್ನಿ, ಇದನ್ನ ಗಾಡಿಗೆ ಹಾಕೋಣ. ಇವತ್ತು ನಾನೂ ನಿಮ್ಮ ಜೊತೆ ಬರ್ತೀನಿ.”

ಮೇಜಿನ ಮೇಲೆ ಕೆಡದ ಸೆಟ್ಟು ರಸ್ತೆಯಲ್ಲಿ ಕೆಡುತ್ತದೆ ಎಂದಾದರೆ ರಸ್ತೆಗೇ ಹೋಗಬೇಕಲ್ಲ. ಇಷ್ಟು ಸಣ್ಣ ಮಾತು ಹಿಂದಿನ ಎರಡು ಸಲ ತನಗೇಕೆ ಹೊಳೆಯಲಿಲ್ಲ ಎಂದು ಅವಳು ಸ್ಕ್ರೂ ತಿರುಗಿಸುತ್ತ ಯೋಚಿಸಿದಳು. ಹೊಳೆದಿತ್ತು. ಆದರೆ ಮೇಜಿನ ಮೇಲೆ ಇನ್ನೂ ನಾಲ್ಕು ಸೆಟ್ಟುಗಳಿದ್ದವು, ದೋಷ ಕಂಡಿಲ್ಲ ಎಂದು ಬರೆಯುವುದು ಸುಲಭವಾಗಿತ್ತು. ಹತ್ತೊಂಬತ್ತು ವರ್ಷ ಒಂದೇ ಕೆಲಸ ಮಾಡಿದವರಿಗೆ ಕೈ ಮೇಲೆ ಬರುವ ನಂಬಿಕೆ ಕೆಲವು ಸಲ ಕಣ್ಣಿಗೆ ಪೊರೆ ಆಗುತ್ತದೆ.

ಒಂದು ಗಂಟೆಗೆ ಕೆಲಸ ಬಂತು. ಚಿಕ್ಕ ಕ್ಲಿನಿಕ್ಕೊಂದರಿಂದ ದೊಡ್ಡಾಸ್ಪತ್ರೆಗೆ ಒಬ್ಬ ಗರ್ಭಿಣಿಯನ್ನು ಕರೆದೊಯ್ಯಬೇಕು, ಅವಸರವೇನಿಲ್ಲ. ರೇಡಿಯೋ ಅಕ್ಕ ಚಾಲಕನ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡಳು. ದೊಡ್ಡಪ್ಪ ಗಾಡಿ ಹೊರಡಿಸುವ ಮೊದಲು ಪ್ಯಾಂಟಿನ ಜೇಬಿನಿಂದ ಒಗೆದು ಒಣಗಿಸಿದ ಒಂದು ಪುಟ್ಟ ಬಟ್ಟೆ ತೆಗೆದರು. ಅಂಗೈಯ ಅರ್ಧದಷ್ಟು, ಮೆತ್ತಗಿನ ನೀಲಿ ಬಟ್ಟೆ, ಸುತ್ತ ಸಣ್ಣ ಸಣ್ಣ ಹೊಲಿಗೆ, ಒಂದು ಮೂಲೆಗೆ ಟಿಚ್ ಬಟನ್. ಡ್ಯಾಶ್‌ಬೋರ್ಡಿನಲ್ಲಿ ಮೈಕು ನೇತುಹಾಕುವ ಲೋಹದ ಕ್ಲಿಪ್ಪಿಗೆ ಅದನ್ನು ಅಂಗಿ ತೊಡಿಸಿದ ಹಾಗೆ ತೊಡಿಸಿ, ಮೇಲೆ ಮೈಕು ಸಿಕ್ಕಿಸಿದರು.

“ಇದೇನು ದೊಡ್ಡಪ್ಪ, ಕ್ಲಿಪ್ಪಿಗೆ ಚಳಿನಾ?”

“ನಿಮ್ಮ ದೊಡ್ಡಮ್ಮನ ಕೆಲಸ.” ಅವರು ನಾಚಿಕೊಂಡರು. “ಹೋದ ಚಳಿಗಾಲದಲ್ಲಿ ಅವಳಿಗೆ ಹೊಟ್ಟೆ ಆಪರೇಷನ್ ಆಯ್ತಲ್ಲ, ಇದೇ ಗಾಡೀಲಿ ಕರ್ಕೊಂಡು ಹೋದೆ. ಹಿಂದೆ ಮಲಗಿದವಳು ನೋವಲ್ಲಿ ಏನೂ ಹೇಳ್ಲಿಲ್ಲ, ಆ ಮೈಕು ಕಟಕಟ ಅನ್ನೋದೊಂದನ್ನ ನಿಲ್ಸಿ ಅಂದ್ಲು. ಮೂವತ್ತು ವರ್ಷದಿಂದ ಎಷ್ಟು ಜನ ಹೀಗೆ ಹಿಂದೆ ಮಲಗಿ ಅದನ್ನ ಕೇಳಿಸ್ಕೊಂಡ್ರೋ, ನಂಗೆ ಗೊತ್ತೇ ಆಗಿರ್ಲಿಲ್ಲ ನೋಡು. ಹುಷಾರಾದ ಮೇಲೆ, ಎರಡು ತಿಂಗಳ ಹಿಂದೆ, ಕೂತು ಇದನ್ನ ಹೊಲಿದು ಕೊಟ್ಳು. ಗಾಡಿ ನಿನ್ನ ಹತ್ರ ಬಿಡೋ ದಿನ ಮಾತ್ರ ತೆಗೆದು ಒಗೀತೀನಿ. ಕೊಳೆ ಬಟ್ಟೆ ಹಾಗೇ ಬಿಟ್ಟು ಬಂದ್ರೆ ನೀನು ಏನಂದ್ಕೋತೀಯ?”

ಅವಳು ನಕ್ಕಳು. ಹೆಂಡತಿಗೆ ಕೇಳಿಸಿದ ಸದ್ದನ್ನು ಊರಿಗೆಲ್ಲ ಕೇಳಿಸದ ಹಾಗೆ ಮಾಡಿದ ಗಂಡ. ತನ್ನ ಗಂಡನಿಗೆ ಹೇಳಬೇಕು ಈ ಕಥೆ ಎಂದುಕೊಂಡಳು. ಅವರು ಪೇಪರಿನಿಂದ ತಲೆ ಎತ್ತದೆಯೇ ಹೂಂ ಅನ್ನುತ್ತಾರೆ, ಆಮೇಲೆ ಎರಡು ದಿನ ಬಿಟ್ಟು ಇನ್ಯಾರಿಗೋ ಅದನ್ನೇ ಹೇಳುತ್ತಾರೆ, ತಮ್ಮದೇ ಕಥೆಯ ಹಾಗೆ.

ಕ್ಲಿನಿಕ್ಕಿಗೆ ಹೋಗುವ ದಾರಿಯಲ್ಲಿ ಕಂಟ್ರೋಲ್ ರೂಮು ಎರಡು ಸಲ ಕರೆಯಿತು. ಎರಡು ಸಲವೂ ಗೆಳತಿಯ ದನಿ ಸ್ಪಷ್ಟವಾಗಿ ಕೇಳಿತು, ದೊಡ್ಡಪ್ಪ ಮೈಕೆತ್ತಿ ಉತ್ತರಿಸಿದರು. ಆಸ್ಪತ್ರೆ ಹತ್ತಿರವಾದಾಗ ಅವರು ಸೆಟ್ಟಿನ ಗುಂಡಿ ತಿರುಗಿಸಿ ಆಸ್ಪತ್ರೆಯ ಚಾನೆಲ್ಲಿಗೆ ಹೋದರು. “ನಾಲ್ಕನೇ ಗಾಡಿ ಬರ್ತಿದೆ, ಸ್ಟ್ರೆಚರ್ ಕಳಿಸಿ” ಎಂದು ಹೇಳಿ ಮೈಕನ್ನು ಅದರ ಜಾಗಕ್ಕಿಟ್ಟರು. ಎಲ್ಲ ಚಾಲಕರೂ ಮಾಡುವುದು ಇದನ್ನೇ. ಗಾಡಿ ಖಾಲಿಯಾದದ್ದನ್ನು ಆಸ್ಪತ್ರೆಯವರೇ ಕಂಟ್ರೋಲ್ ರೂಮಿಗೆ ತಿಳಿಸುವುದರಿಂದ ಗುಂಡಿಯನ್ನು ಮತ್ತೆ ತಿರುಗಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಹೋಗಬೇಕಾಗಿಯೂ ಇಲ್ಲ. ಮೈಕು ಕ್ಲಿಪ್ಪಿನಲ್ಲಿ ಇರುವಷ್ಟು ಹೊತ್ತು ಸೆಟ್ಟು ಎರಡೂ ಚಾನೆಲ್ಲಿಗೆ ಕಿವಿ ಕೊಟ್ಟುಕೊಂಡೇ ಇರುತ್ತದೆ.

ಗರ್ಭಿಣಿಯ ಕೈಯಲ್ಲಿದ್ದ ಚೀಲವನ್ನು ತಾವೇ ಹಿಡಿದುಕೊಂಡು ದೊಡ್ಡಪ್ಪ ಸ್ಟ್ರೆಚರಿನ ಜೊತೆ ಒಳಗೆ ನಡೆದರು. ರೇಡಿಯೋ ಅಕ್ಕ ಗಾಡಿಯಲ್ಲೇ ಕೂತು ಮೊಬೈಲಿನಿಂದ ಗೆಳತಿಗೆ ಫೋನ್ ಮಾಡಿದಳು.

“ನಾಲ್ಕನ್ನ ಕರೆಯೇ ಒಂದ್ಸಲ.”

“ಕರೀತಿದ್ದೀನಿ.”

ಗಾಡಿಯಲ್ಲಿ ಸದ್ದಿಲ್ಲ.

“ಕರೆದ್ಯಾ?”

“ಮೂರು ಸಲ ಆಯ್ತು! ಕೇಳಿಸ್ತಿಲ್ವಾ?”

ಎರಡು ತಿಂಗಳು ಕಣ್ಣಾಮುಚ್ಚಾಲೆ ಆಡಿದ ಕಳ್ಳ ಇಲ್ಲೇ, ಕೈಗೆಟುಕುವಷ್ಟು ಹತ್ತಿರ ಕೂತಿದ್ದ. ಸೆಟ್ಟಿನ ದೀಪ ಹತ್ತಿಯೇ ಇತ್ತು. ದನಿಯ ಗುಂಡಿ ಸರಿಯಾಗಿಯೇ ಇತ್ತು. ಎಚ್ಚರದಿಂದ, ಯಾವ ವೈರನ್ನೂ ಅಲುಗಿಸದೆ, ಅವಳು ಸುಮ್ಮನೆ ನೋಡುತ್ತ ಕೂತಳು. ಚಾನೆಲ್ ತೋರಿಸುವ ಅಂಕಿ ಎರಡರ ನಡುವೆ ಅತ್ತಿತ್ತ ಮಿನುಗಬೇಕಿತ್ತು. ಮಿನುಗುತ್ತಿರಲಿಲ್ಲ. ಆಸ್ಪತ್ರೆಯ ಅಂಕಿಯ ಮೇಲೆ ಕದಲದೆ ನಿಂತಿತ್ತು, ಯಾರೋ ಮೈಕನ್ನು ಕೈಯಲ್ಲಿ ಹಿಡಿದಿದ್ದಾರೆ ಎಂಬಂತೆ.

ಹಿಡಿದಿದ್ದಾರೆ ಎಂಬಂತೆ.

ಅವಳು ನೀಲಿ ಬಟ್ಟೆಯನ್ನು ನೋಡಿದಳು.

ಮೈಕು ನೇತುಬಿದ್ದಿದೆಯೋ, ಕೈಯಲ್ಲಿದೆಯೋ ಎಂಬುದು ಸೆಟ್ಟಿಗೆ ತಿಳಿಯುವುದು ಮೈಕಿನ ಬೆನ್ನಿನಲ್ಲಿರುವ ಒಂದು ಲೋಹದ ಗುಬುಟಿನಿಂದ. ಅದು ಲೋಹದ ಕ್ಲಿಪ್ಪಿಗೆ ತಾಗಿದರೆ, ನೇತುಬಿದ್ದಿದೆ ಎಂದು ತಿಳಿದು ಎರಡೂ ಕಡೆ ಕೇಳಿಸಿಕೊಳ್ಳುತ್ತದೆ. ತಾಗದಿದ್ದರೆ, ಯಾರೋ ಮಾತಾಡಲು ಎತ್ತಿಕೊಂಡಿದ್ದಾರೆಂದು ಬಗೆದು ಗುಂಡಿ ಇರುವ ಒಂದೇ ಚಾನೆಲ್ಲಿನಲ್ಲಿ ಕಾಯುತ್ತದೆ. ಇವೆರಡರ ನಡುವೆ ದೊಡ್ಡಮ್ಮನ ಮೆತ್ತನೆಯ ಹೊಲಿಗೆ ಇತ್ತು. ದೊಡ್ಡಪ್ಪನ ಕೊನೆಯ ಮಾತು ಕಂಟ್ರೋಲ್ ರೂಮಿನ ಜೊತೆ ಆದ ದಿನ ಎಲ್ಲ ಸರಿ. ಕೊನೆಯ ಮಾತು ಆಸ್ಪತ್ರೆಯ ಜೊತೆ ಆದ ದಿನ ಕಂಟ್ರೋಲ್ ರೂಮು ಗಂಟಲು ಹರಿದುಕೊಂಡರೂ ಇಲ್ಲಿಗೆ ಮುಟ್ಟದು. ಹೆಚ್ಚಿನ ದಿನ ಅವರು ಆಸ್ಪತ್ರೆಯಿಂದ ನೇರ ಡಿಪೋಗೆ ಮರಳಿ, ಮತ್ತೆ ಹೊರಡುವಾಗ ಕಂಟ್ರೋಲ್ ರೂಮಿಗೆ ಹೇಳಿಯೇ ಹೊರಡುವುದರಿಂದ ಇದು ಯಾರ ಗಮನಕ್ಕೂ ಬಂದಿರಲಿಲ್ಲ. ಗಾಡಿ ವರ್ಕ್‌ಶಾಪಿಗೆ ಬಂದಾಗಲೆಲ್ಲ ಬಟ್ಟೆ ದೊಡ್ಡಪ್ಪನ ಮನೆಯ ಹಗ್ಗದ ಮೇಲೆ ಒಣಗುತ್ತಿರುತ್ತಿತ್ತು. ಅವಳ ಮೇಲಿನ ಮರ್ಯಾದೆಗೆ.

ಬಟ್ಟೆ ಕಳಚಿ ಮೈಕನ್ನು ಬರಿಯ ಕ್ಲಿಪ್ಪಿಗೆ ಹಾಕಿದಳು. “ನಾಲ್ಕು, ನಾಲ್ಕು, ಉತ್ತರ ಕೊಡಿ” ಎಂದು ಗೆಳತಿಯ ದನಿ ಗಾಡಿ ತುಂಬಿತು. ಬಟ್ಟೆ ತೊಡಿಸಿದಳು. ಮೌನ. ಮತ್ತೆ ಕಳಚಿದಳು. ದನಿ.

“ಏನ್ ಮಾಡ್ದೇ? ಸಿಕ್ತಾ?” ಮೊಬೈಲಿನಲ್ಲಿ ಗೆಳತಿ ಕೇಳುತ್ತಿದ್ದಳು.

“ನೋಡ್ತಿದ್ದೀನಿ. ಆಮೇಲೆ ಮಾಡ್ತೀನಿ ಇರು.”

ಫೋನ್ ಇಟ್ಟ ಮೇಲೆ ಬಟ್ಟೆಯನ್ನು ಬೆರಳಿನಲ್ಲಿ ಹಿಡಿದು ಕೂತಳು. ಮೈಕು ಉಜ್ಜಿ ಉಜ್ಜಿ ಅಂಚುಗಳು ಬೆಳ್ಳಗಾಗಿದ್ದವು. ಹುಡುಕಿದ್ದು ಸಿಕ್ಕಾಗ ಆಗುವ ಸಂತೋಷ ಅವಳಿಗೆ ಗೊತ್ತಿತ್ತು, ಅದಕ್ಕಾಗಿಯೇ ಈ ಕೆಲಸದಲ್ಲಿ ಇಷ್ಟು ವರ್ಷ ಉಳಿದವಳು. ಇವತ್ತು ಅದು ಬರಲಿಲ್ಲ. ಒದ್ದೆ ನೆಲದ ಮೇಲೆ ನಲವತ್ತು ನಿಮಿಷ ಮಲಗಿದ್ದ ಮುದುಕಿ ಕಣ್ಣ ಮುಂದೆ ಬಂದಳು. ನೀರು ಬೇಕಾ ಎಂದು ಕೇಳಿ, ಹೆಸರು ಹೇಳದೆ ಹಿಂದಿರುಗಿದ ದೊಡ್ಡಪ್ಪ ಬಂದರು. ಕನ್ನಡಕ ಮೂಗಿನ ತುದಿಗಿಳಿಸಿಕೊಂಡು ಹೊಲಿಯುತ್ತ ಕೂತ ಹೆಂಗಸೊಬ್ಬಳು ಬಂದಳು, ಅವಳ ಮುಖ ಇವಳು ನೋಡಿಯೇ ಇರಲಿಲ್ಲ. ಇದನ್ನು ಹೇಳಿದರೆ ದೊಡ್ಡಪ್ಪ ಮನೆಗೆ ಹೋಗಿ ಹೆಂಡತಿಗೆ ಹೇಳುತ್ತಾರೆಯೇ? ಹೇಳದೆ ಒಳಗೇ ಇಟ್ಟುಕೊಂಡರೆ ಅದು ಇನ್ನೂ ಕಷ್ಟ.

ದೊಡ್ಡಪ್ಪ ಬರುತ್ತಿದ್ದುದು ಕನ್ನಡಿಯಲ್ಲಿ ಕಂಡಿತು. ಅವಳು ಬಟ್ಟೆಯನ್ನು ಮೊದಲಿದ್ದಂತೆಯೇ ತೊಡಿಸಿ, ಗುಂಡಿಯನ್ನು ಕಂಟ್ರೋಲ್ ರೂಮಿನ ಚಾನೆಲ್ಲಿಗೆ ತಿರುಗಿಸಿದಳು.

“ಏನಾದ್ರೂ ಗೊತ್ತಾಯ್ತಾ ತಾಯಿ?”

“ಕ್ಲಿಪ್ಪಿನ ಮೇಲೆ ಅನುಮಾನ ಇದೆ ದೊಡ್ಡಪ್ಪ. ನೇರ ಡಿಪೋಗೆ ಹೋಗೋಣ, ಬದಲಾಯಿಸ್ತೀನಿ.”

ವರ್ಕ್‌ಶಾಪಿನಲ್ಲಿ ಹೊಸ ಕ್ಲಿಪ್ ತೆಗೆದುಕೊಂಡು ಅವಳು ಎರಡು ಗಂಟೆ ಕೂತಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಬಟ್ಟೆ ಬೇಡ ಎಂದಷ್ಟೇ ಹೇಳಿದರೆ ಕಟಕಟ ಉಳಿಯುತ್ತದೆ, ಕಟಕಟ ಉಳಿದರೆ ಒಂದಲ್ಲ ಒಂದು ದಿನ ಬಟ್ಟೆ ಮರಳಿ ಬರುತ್ತದೆ. ಕ್ಲಿಪ್ಪಿನ ಎರಡು ಕೆನ್ನೆಗಳಿಗೆ ತೆಳ್ಳಗಿನ ರಬ್ಬರು ಕತ್ತರಿಸಿ ಅಂಟಿಸಿದಳು. ಗುಬುಟು ತಾಗುವ ನಾಲಗೆಯನ್ನು ಬರಿದಾಗಿ ಬಿಟ್ಟು, ಅದು ಸದಾ ಒತ್ತಿಕೊಂಡಿರುವ ಹಾಗೆ ಸ್ವಲ್ಪ ಬಗ್ಗಿಸಿದಳು. ಕ್ಲಿಪ್ಪಿನಿಂದ ಗಾಡಿಯ ಮೈಗೆ ಬೇರೆಯೇ ಒಂದು ವೈರು ಬೆಸೆದಳು. ಕೂರಿಸಿದ ಮೇಲೆ ಬಾಗಿಲನ್ನು ಧಡ್ ಧಡ್ ಎಂದು ಹತ್ತು ಸಲ ಬಡಿದಳು. ಗಾಡಿಯ ಹಿಂದೆ ಹೋಗಿ, ರೋಗಿ ಮಲಗುವ ಜಾಗದಲ್ಲಿ ತಾನೇ ಮಲಗಿ, ಡಿಪೋದ ಹೊಂಡಗಳ ಮೇಲೆ ಮೂರು ಸುತ್ತು ಓಡಿಸಲು ದೊಡ್ಡಪ್ಪನಿಗೆ ಹೇಳಿದಳು. ಹತ್ತೊಂಬತ್ತು ವರ್ಷಗಳಲ್ಲಿ ಅವಳು ಅಲ್ಲಿ ಮಲಗಿದ್ದು ಅದೇ ಮೊದಲು. ಎಂಜಿನ್ ಸದ್ದು, ಚಕ್ರದ ಸದ್ದು. ಕಟಕಟ ಇಲ್ಲ. ಚಾನೆಲ್ಲಿನ ಅಂಕಿ ಅತ್ತಿತ್ತ ಮಿನುಗುತ್ತಲೇ ಇದೆ ಎಂದು ದೊಡ್ಡಪ್ಪ ಮುಂದಿನಿಂದ ಕೂಗಿ ಹೇಳಿದರು.

ಅವಳು ಇಳಿದು ಕೂದಲು ಸರಿಮಾಡಿಕೊಂಡಳು. “ಇನ್ನು ಬಟ್ಟೆ ಬೇಡ ದೊಡ್ಡಪ್ಪ. ಹಾಕಿದ್ರೆ ಈ ಕ್ಲಿಪ್ಪಲ್ಲಿ ಮೈಕು ಕೂರಲ್ಲ. ಯಾವತ್ತೂ ಹಾಕ್ಬೇಡಿ, ಆಯ್ತಾ? ಶಬ್ದ ಬಂದ್ರೆ ಸೀದಾ ನನ್ನ ಹತ್ರ ಬನ್ನಿ.”

ದೊಡ್ಡಪ್ಪ ಬಟ್ಟೆಯನ್ನು ನಾಲ್ಕಾಗಿ ಮಡಚಿದರು. ಜೇಬಿಗೆ ಹಾಕುವ ಮೊದಲು ಅವರ ಕೈ ಒಂದು ಕ್ಷಣ ತಡೆಯಿತು. “ತಾಯಿ, ಇದರಿಂದ ಏನಾದ್ರೂ...?”

“ಹಳೇ ಕ್ಲಿಪ್ಪಲ್ಲಿ ಸಂಪರ್ಕ ಸರಿಯಾಗಿ ಆಗ್ತಿರ್ಲಿಲ್ಲ ದೊಡ್ಡಪ್ಪ. ಅದನ್ನ ನೋಡೋದು ನನ್ನ ಕೆಲಸ. ಎರಡು ಸಲ ಬಂದಾಗ್ಲೂ ನೋಡ್ಲಿಲ್ಲ.” ಅವಳು ಅವರ ಕಣ್ಣನ್ನೇ ನೋಡಿ ಹೇಳಿದಳು. ಅದರಲ್ಲಿ ಒಂದು ಪದವೂ ಸುಳ್ಳಾಗಿರಲಿಲ್ಲ. “ದೊಡ್ಡಮ್ಮಂಗೆ ಹೇಳಿ, ಹೊಲಿಗೆ ತುಂಬ ಚೆನ್ನಾಗಿದೆ ಅಂತ.”

“ಹೇಳ್ತೀನಿ. ಉಬ್ಬಿ ಹೋಗ್ತಾಳೆ.” ಅವರ ಮುಖ ಸಡಿಲವಾಯಿತು. ನಾಲ್ಕೂವರೆಯ ಪಾಳಿಗೆ ಗಾಡಿ ಹತ್ತಿದರು. ಅದು ಗೇಟು ದಾಟುವ ಮೊದಲೇ ಗೆಳತಿ ಕರೆದಳು, ಅವರು ಉತ್ತರಿಸಿದರು.

ಉಳಿದದ್ದು ಚೀಟಿ. ‘ದೋಷದ ಹೊಣೆ’ ಎಂಬಲ್ಲಿ ಮೂರು ಚೌಕಗಳಿದ್ದವು: ಯಂತ್ರ, ಚಾಲಕ, ವರ್ಕ್‌ಶಾಪ್. ಚಾಲಕ ಎಂದರೆ ಇಲಾಖೆಯ ವಸ್ತುವಿಗೆ ಅನುಮತಿಯಿಲ್ಲದೆ ಬಟ್ಟೆ ಹಾಕಿದ್ದು, ಗೇಟು. ಯಂತ್ರ ಎಂದರೆ ಹಳೆಯ ಕ್ಲಿಪ್ಪನ್ನು ಮೊಹರು ಪರೀಕ್ಷೆಗೆ ಕಳಿಸುತ್ತಾನೆ, ಅದರಲ್ಲಿ ಏನೂ ಇಲ್ಲವೆಂದು ವರದಿ ಬರುತ್ತದೆ, ತಿರುಗಿ ಮತ್ತೆ ಚಾಲಕನಿಗೇ. ಮೂರನೇ ಚೌಕದಲ್ಲಿ ಅವಳ ಹೆಸರಿಗೆ ಇದುವರೆಗೆ ಒಂದು ಗುರುತೂ ಬಿದ್ದಿರಲಿಲ್ಲ. ಆ ಹೆಮ್ಮೆಯನ್ನು ಅವಳು ಯಾರ ಮುಂದೂ ಆಡಿದವಳಲ್ಲ. ಆದರೆ ಇತ್ತು, ಒಳಗೊಳಗೇ.

ಬಾಗಿಲಲ್ಲಿ ಮೊಹರು ತಲೆ ಹಾಕಿದ. “ಚೀಟಿ ಮೇಡಂ?”

“ಐದು ನಿಮಿಷ ಸರ್. ದೋಷ ಸಿಕ್ಕಿದೆ.”

“ಸಿಕ್ತಾ? ಒಳ್ಳೇದಾಯ್ತು ಬಿಡಿ” ಎಂದ. ಅವನ ದನಿಯಲ್ಲಿ ನಿಜವಾದ ನಿರಾಳ ಇತ್ತು.

ಮೊಬೈಲು ಮಿನುಗಿತು. ಗೆಳತಿಯ ಸಂದೇಶ: ಏನಾಗಿತ್ತೇ ಮಾರಾಯ್ತಿ, ಹೇಳು. ಅವಳು ‘ಕ್ಲಿಪ್’ ಎಂದಷ್ಟೇ ಬರೆದು ಕಳಿಸಿದಳು. ಆಮೇಲೆ ಚೀಟಿಯನ್ನು ಹತ್ತಿರಕ್ಕೆಳೆದು ‘ಕ್ಲಿಪ್ಪಿನ ಸಂಪರ್ಕ ಕಡಿದುಹೋಗುತ್ತಿತ್ತು, ಹಿಂದಿನ ಎರಡು ತಪಾಸಣೆಗಳಲ್ಲಿ ವರ್ಕ್‌ಶಾಪ್ ಅದನ್ನು ಪರೀಕ್ಷಿಸಿರಲಿಲ್ಲ, ಉಳಿದ ಹತ್ತು ಗಾಡಿಗಳ ಕ್ಲಿಪ್ಪುಗಳನ್ನೂ ನಾಳೆಯಿಂದ ಬದಲಾಯಿಸಲಾಗುವುದು’ ಎಂದು ದುಂಡಗೆ ಬರೆದಳು. ಮೂರನೇ ಚೌಕದಲ್ಲಿ ಗುರುತು ಹಾಕಿದಳು. ನೀಲಿ ಬಟ್ಟೆಯ ಮಾತನ್ನು ಗೆಳತಿಗಾಗಲಿ, ಅತ್ತೆಗಾಗಲಿ, ಪೇಪರು ಓದುತ್ತ ಹೂಂ ಅನ್ನುವ ಗಂಡನಿಗಾಗಲಿ ಯಾವತ್ತೂ ಹೇಳುವುದಿಲ್ಲ ಎಂದು ತೀರ್ಮಾನಿಸಿಕೊಂಡು, ಸಹಿಯ ಶಾಯಿ ಆರುವವರೆಗೆ ಕಾದಳು.